ಬಂಡೆಯೊಳಗೆ ಅಡಗಿರುವ ದಿಕ್ಕು: ಸವೆದುಹೋದ ಬೆಟ್ಟಗಳ ಕಥೆಯನ್ನು ಕಾಂತಗುಣ ಹೇಗೆ ಹೇಳುತ್ತೆ?

ರಾಮನಗರಕ್ಕೆ ಹೆಸರು ಬದಲಾಗೋದು ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಅದು ಕ್ಲೋಸ್‌ಪೇಟೆ. ಟಿಪ್ಪು ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರು. ಆಮೇಲೆ ರಾಮನಗರ ಆಯ್ತು. 2025ರಲ್ಲಿ ಇಡೀ ಜಿಲ್ಲೆಯೇ 'ಬೆಂಗಳೂರು ದಕ್ಷಿಣ' ಆಯ್ತು. ಯಾರ ಸೈಟಿನ ಬೆಲೆ ಏರಿಸೋಕೆ ಈ ಬದಲಾವಣೆ ಅಂತ ನಾವೆಲ್ಲ ಒಂದಷ್ಟು ದಿನ ಜಗಳ ಆಡಿದ್ದೂ ಆಯ್ತು. ಆದರೆ ಅಲ್ಲಿನ ಬಂಡೆಗಳ ಹೆಸರನ್ನು ಯಾರೂ ಮುಟ್ಟಿಲ್ಲ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ಇವತ್ತಿಗೂ 'ಕ್ಲೋಸ್‌ಪೇಟ್ ಗ್ರಾನೈಟ್'.

ನಮಗೆ ಆ ಬಂಡೆ ಅಂದ್ರೆ 'ಶೋಲೆ', ವೀಕೆಂಡ್ ಟ್ರೆಕ್ಕಿಂಗು, ಇಲ್ಲವೇ ಕ್ವಾರಿ. ಭೂವಿಜ್ಞಾನಿಗಳಿಗೆ ಅದು ಸುಮಾರು 250 ಕೋಟಿ ವರ್ಷ ಹಳೆಯ ಸಾಕ್ಷಿ. ಕನಕಪುರದ ದಕ್ಷಿಣದಿಂದ ಶುರುವಾಗಿ ರಾಮನಗರ, ಪಾವಗಡ ದಾಟಿ ಬಳ್ಳಾರಿಯ ಕಡೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ, ಬರೀ 20 ಕಿ.ಮೀ. ಆಸುಪಾಸಿನ ಅಗಲಕ್ಕೆ ಚಾಚಿಕೊಂಡಿರೋ ಪಟ್ಟಿ ಅದು. ಕರ್ನಾಟಕದ ಭೂವೈಜ್ಞಾನಿಕ ನಕ್ಷೆಯನ್ನು ಒಮ್ಮೆ ತೆಗೆದು ನೋಡಿ. ಗದಗದಿಂದ ಮಂಡ್ಯದ ಕಡೆಗೆ ಇಳಿಯುವ ಚಿತ್ರದುರ್ಗದ ಪಟ್ಟಿ, ಕೋಲಾರದ ಚಿನ್ನದ ಪಟ್ಟಿ, ನಡುವೆ ಈ ಗ್ರಾನೈಟ್, ಎಲ್ಲವೂ ಹೆಚ್ಚುಕಮ್ಮಿ ಉತ್ತರ-ದಕ್ಷಿಣವಾಗಿ ಗೆರೆ ಎಳೆದ ಹಾಗಿವೆ. ಪೂರ್ವ-ಪಶ್ಚಿಮದಿಂದ ಏನೋ ಒತ್ತಿದೆ ಅನ್ನೋದು ನಕ್ಷೆ ನೋಡಿದರೇ ಗೊತ್ತಾಗುತ್ತೆ. ನೆಲದ ತುಂಡುಗಳು ಒಂದಕ್ಕೊಂದು ಸೇರಿ, ಹಿಂಡಿ, ಜರುಗಿ ಬೆಟ್ಟಸಾಲು ಎದ್ದ ಕಾಲ ಅದು. ಆ ಬೆಟ್ಟಗಳು ಸವೆದು ಮಣ್ಣಾಗಿ ಕೋಟ್ಯಂತರ ವರ್ಷಗಳೇ ಕಳೆದಿವೆ. ಉಳಿದಿರೋದು ಬುಡ ಮಾತ್ರ.

ಹಾಗಾದರೆ ಆ ಬೆಟ್ಟ ಯಾವ ಕಡೆಯಿಂದ ಒತ್ತಿಸಿಕೊಂಡು ಎದ್ದಿತು, ಯಾವ ಕಡೆಗೆ ಜಗ್ಗಿತು ಅಂತ ಕಂಡುಹಿಡಿಯೋದು ಹೇಗೆ? ಪದರಪದರವಾದ ಕಲ್ಲಿನಲ್ಲಾದರೆ ಮಡಿಕೆಗಳು ಕಾಣುತ್ತವೆ, ಕೋನ ಅಳೆಯಬಹುದು. ಗ್ರಾನೈಟ್‌ನಲ್ಲಿ ಆ ಭಾಗ್ಯ ಇಲ್ಲ. ಕ್ಲೋಸ್‌ಪೇಟ್ ಗ್ರಾನೈಟ್‌ನ ಕೆಲವು ಕಡೆ ಗುಲಾಬಿ ಬಣ್ಣದ ದೊಡ್ಡ ಹರಳುಗಳು ಸಾಲಾಗಿ ನಿಂತಿರೋದು ಕಣ್ಣಿಗೇ ಕಾಣುತ್ತೆ. ಆದರೆ ಎಷ್ಟೋ ಗ್ರಾನೈಟ್‌ಗಳು ನೋಡೋಕೆ ಕಪ್ಪು-ಬಿಳಿ ಚುಕ್ಕೆಗಳ ಕಲಸುಮೇಲೋಗರ. ಯಾವ ಕಡೆಯಿಂದ ನೋಡಿದರೂ ಒಂದೇ ಥರ. ಇಂಥ ಕಲ್ಲಿನಿಂದ ದಿಕ್ಕನ್ನು ಹೊರಡಿಸೋಕೆ ಇರೋ ಅತ್ಯುತ್ತಮ ಉಪಾಯವೇ ಕಾಂತಗುಣ.

ಜೀರಿಗೆ ಹಾಕಿದ ಚಪಾತಿ

ಚಪಾತಿ ಹಿಟ್ಟಿಗೆ ಜೀರಿಗೆ ಹಾಕಿ ಕಲಸಿ. ಉಂಡೆ ಮಾಡಿದಾಗ ಜೀರಿಗೆ ಕಾಳುಗಳು ಅಡ್ಡಾದಿಡ್ಡಿ ಇರ್ತವೆ. ಲಟ್ಟಿಸಿದಾಗ ಎಲ್ಲವೂ ಮಣೆಗೆ ಸಮಾನಾಂತರವಾಗಿ ಮಲಗುತ್ತವೆ. ಒಂದೇ ದಿಕ್ಕಿಗೆ ಎಳೆದು ಎಳೆದು ಲಟ್ಟಿಸಿದರೆ ಉದ್ದುದ್ದಕ್ಕೆ ಸಾಲಾಗೋಕೂ ಶುರುಮಾಡುತ್ತವೆ. ಈಗ ಹಿಟ್ಟು ಕಾಣದ ಹಾಗೆ ಮುಚ್ಚಿಟ್ಟು, ಜೀರಿಗೆ ಯಾವ ಕಡೆ ಮಲಗಿದೆ ಅಂತ ಮಾತ್ರ ಹೇಳಿದರೆ, ಲಟ್ಟಣಿಗೆ ಯಾವ ಕಡೆ ಓಡಿತ್ತು ಅಂತ ನೀವು ಹೇಳಬಲ್ಲಿರಿ.

ಗ್ರಾನೈಟ್‌ನಲ್ಲಿ ಜೀರಿಗೆಯ ಕೆಲಸ ಮಾಡೋದು ಮುಖ್ಯವಾಗಿ ಎರಡು ಖನಿಜಗಳು. ಒಂದು ಮ್ಯಾಗ್ನೆಟೈಟ್, ಅಂದರೆ ಸೂಜಿಗಲ್ಲಿನ ಖನಿಜ. ಇನ್ನೊಂದು ಬಯೊಟೈಟ್, ಕಪ್ಪು ಕಾಗೆಬಂಗಾರ. ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್‌ಗಳೇ ಗ್ರಾನೈಟ್‌ನ ಬಹುಪಾಲು, ನಿಜ. ಆದರೆ ಕಾಂತದ ವಿಷಯದಲ್ಲಿ ಅವು ಲೆಕ್ಕಕ್ಕೇ ಇಲ್ಲ. ಕಾಂತಕ್ಷೇತ್ರವನ್ನು ತೀರ ಸಣ್ಣ ಪ್ರಮಾಣದಲ್ಲಿ ವಿರೋಧಿಸಿ ಸುಮ್ಮನಾಗುತ್ತವೆ.

ಒಂದು ಕಲ್ಲನ್ನು ದುರ್ಬಲ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದು ಎಷ್ಟರ ಮಟ್ಟಿಗೆ ತಾನೂ ಕಾಂತವಾಗುತ್ತೆ ಅನ್ನೋ ಅಳತೆಗೆ ಮ್ಯಾಗ್ನೆಟಿಕ್ ಸಸೆಪ್ಟಿಬಿಲಿಟಿ ಅಂತ ಹೆಸರು. ಪಠ್ಯಪುಸ್ತಕದ ಕನ್ನಡದಲ್ಲಿ ಕಾಂತಪ್ರವೃತ್ತಿ. ಉದ್ದನೆಯ ಮ್ಯಾಗ್ನೆಟೈಟ್ ಕಣ ತನ್ನ ಉದ್ದದ ದಿಕ್ಕಿನಲ್ಲಿ ಸುಲಭವಾಗಿ ಕಾಂತವಾಗುತ್ತೆ, ಅಡ್ಡಕ್ಕೆ ಕಷ್ಟಪಡುತ್ತೆ. ಕಾಗೆಬಂಗಾರದ ಹಾಳೆ ತನ್ನ ಹಾಳೆಯ ಉದ್ದಗಲಕ್ಕೆ ಸುಲಭ, ಹಾಳೆಗೆ ಲಂಬವಾಗಿ ಕಷ್ಟ. ಹೀಗಾಗಿ ಸಾವಿರಾರು ಕಣಗಳು ಒಂದೇ ಕಡೆ ಸ್ವಲ್ಪ ವಾಲಿದ್ದರೂ ಸಾಕು, ಇಡೀ ಕಲ್ಲಿನ ಅಳತೆ ದಿಕ್ಕಿಗೊಂದು ಥರ ಬರುತ್ತೆ. ದಿಕ್ಕಿಗೊಂದು ಥರ ಇರೋ ಈ ಗುಣವನ್ನು ಅಳೆಯೋ ವಿಧಾನವನ್ನು ಸಂಶೋಧಕರು ಚುಟುಕಾಗಿ ಎಎಂಎಸ್ ಅಂತಾರೆ. ಕಣಗಳ ಜೋಡಣೆ ಓದೋಕೆ ಇದನ್ನು ಬಳಸಬಹುದು ಅಂತ ಜಾನ್ ಗ್ರಹಾಂ ಎಂಬ ಅಮೆರಿಕದ ವಿಜ್ಞಾನಿ 1954ರಲ್ಲಿ ಬರೆದರು. ಅದು ಗ್ರಾನೈಟ್ ಅಧ್ಯಯನದ ದಿನಬಳಕೆಯ ವಿಧಾನ ಆಗೋಕೆ ಮಾತ್ರ ದಶಕಗಳು ಹಿಡಿದವು.

ಇಲ್ಲೊಂದು ಗೊಂದಲ ತಪ್ಪಿಸಬೇಕು. 'ಕಲ್ಲಿನ ಕಾಂತ' ಅಂದಕೂಡಲೇ ಹಲವರಿಗೆ ನೆನಪಾಗೋದು ಬೇರೊಂದು ಕಥೆ. ಲಾವಾ ತಣ್ಣಗಾಗುವಾಗ ಅಂದಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತೆ. ಅದು ನೆನಪು. 1950ರ ದಶಕದಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್‌ರ ಲಂಡನ್ ಬಳಗ ದಖನ್ನಿನ ಕಪ್ಪು ಕಲ್ಲುಗಳನ್ನು ಅಳೆದು, ಆ ಲಾವಾ ಹರಿದಾಗ ಭಾರತ ಇನ್ನೂ ಸಮಭಾಜಕದ ದಕ್ಷಿಣಕ್ಕಿತ್ತು ಅಂತ ತೋರಿಸಿದ್ದು ಹೀಗೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲೂ ಅದೇ ಲಾವಾ ಹರವಿನದ್ದು. (ಇದೇ ನೊಬೆಲ್ ಪುರಸ್ಕೃತ ಬ್ಲ್ಯಾಕೆಟ್ ನೆಹರೂಗೆ ರಕ್ಷಣಾ ವಿಷಯಗಳಲ್ಲಿ ಸಲಹೆಗಾರರೂ ಆಗಿದ್ದರು. ಆ ಕಥೆ ಇನ್ನೊಮ್ಮೆ.) ಬೆಟ್ಟಸಾಲುಗಳ ಅಧ್ಯಯನದಲ್ಲಿ ಈ ನೆನಪಿಗೂ ಕೆಲಸ ಇದೆ. ಪೆರು ಮತ್ತು ಚಿಲಿಯ ನಡುವೆ ಆಂಡೀಸ್ ಸಾಲು ಬಾಗಿದೆಯಲ್ಲ, ಅಲ್ಲಿ ಬಾಗಿನ ಒಂದು ಪಕ್ಕದ ಕಲ್ಲುಗಳು ಎಡಕ್ಕೂ ಇನ್ನೊಂದು ಪಕ್ಕದವು ಬಲಕ್ಕೂ ತಿರುಗಿರೋದು ಗೊತ್ತಾಗಿದ್ದು ಈ ನೆನಪಿನಿಂದಲೇ. ಎಎಂಎಸ್ ಕೇಳೋ ಪ್ರಶ್ನೆಯೇ ಬೇರೆ. ಅದು ಕಲ್ಲಿಗೆ 'ನಿನಗೇನು ನೆನಪಿದೆ' ಅನ್ನಲ್ಲ. 'ಈಗ ಯಾವ ಕಡೆಗೆ ಬಾಗ್ತೀಯ' ಅನ್ನುತ್ತೆ.

ಒಂದು ಬಾಣ, ಒಂದು ತಟ್ಟೆ ಇಡ್ಲಿ

ಕೆಲಸ ನಡೆಯೋದು ಹೀಗೆ. ನೆಲಕ್ಕೆ ಕಚ್ಚಿಕೊಂಡಿರೋ ಬಂಡೆ ಹುಡುಕಬೇಕು. ಉರುಳಿ ಬಂದ ಗುಂಡು ಆಗಲ್ಲ. ಪೆಟ್ರೋಲ್ ಮೋಟರಿನ, ವಜ್ರದ ಹಲ್ಲಿನ ಡ್ರಿಲ್‌ನಿಂದ ನೀರು ಹಾಯಿಸುತ್ತ ಸುಮಾರು 2.5 ಸೆಂ.ಮೀ. ದಪ್ಪದ ಕಡ್ಡಿಯಂಥ ತುಂಡನ್ನು ಕೊರೆಯುತ್ತಾರೆ. ಅದನ್ನು ಮುರಿದು ತೆಗೆಯೋ ಮುನ್ನ ಒಂದು ಕೆಲಸ ಆಗಲೇಬೇಕು. ದಿಕ್ಸೂಚಿ ಇಟ್ಟು ಉತ್ತರ ಯಾವ ಕಡೆ, ತುಂಡು ಎಷ್ಟು ವಾಲಿದೆ ಅಂತ ಅಳೆದು, ತುಂಡಿನ ಮೇಲೆ ಗುರುತು ಹಾಕಬೇಕು. ಕಬ್ಬಿಣದಂಶ ಜಾಸ್ತಿ ಇರೋ ಬಂಡೆಯ ಮೇಲೆ ದಿಕ್ಸೂಚಿಯ ಮಾತು ನಂಬೋ ಹಾಗಿಲ್ಲ. ಅಲ್ಲಿ ಸೂರ್ಯನ ನೆರಳು ನೋಡಿ ದಿಕ್ಕು ಹಿಡೀತಾರೆ. ಈ ಬಾಣದ ಗುರುತು ತಪ್ಪಿದರೆ ಮುಂದಿನ ಎಲ್ಲ ಅಳತೆಯೂ ವ್ಯರ್ಥ.

ಲ್ಯಾಬ್‌ನಲ್ಲಿ ತುಂಡನ್ನು 2.2 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಯಂತ್ರದ ಸುರುಳಿಯೊಳಗೆ ಇಟ್ಟು ತಿರುಗಿಸುತ್ತಾರೆ. ಚೆಕ್ ದೇಶದ ಬರ್ನೊ ನಗರದಲ್ಲಿ ತಯಾರಾಗೋ ಕಪ್ಪಾಬ್ರಿಜ್ ಎಂಬ ಯಂತ್ರ ಈ ಕ್ಷೇತ್ರದ ಎಲ್ಲ ಕಡೆ ಇದೆ. ಗ್ರಾನೈಟ್‌ನಲ್ಲಿ ದಿಕ್ಕು-ದಿಕ್ಕಿನ ವ್ಯತ್ಯಾಸ ಎಷ್ಟೋ ಸಲ ಬರೀ ಶೇ. 2, 5, 10 ಇರುತ್ತೆ. ಅದನ್ನೂ ಈ ಯಂತ್ರ ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತೆ.

ಬರೋ ಉತ್ತರ ಮೂರು ಪರಸ್ಪರ ಲಂಬ ದಿಕ್ಕುಗಳು: ಅತಿ ಹೆಚ್ಚು, ಮಧ್ಯಮ, ಅತಿ ಕಡಿಮೆ. ಇಂಜಿನಿಯರಿಂಗ್‌ನಲ್ಲಿ ಸ್ಟ್ರೆಸ್ ಟೆನ್ಸರ್ ಅಂತ ಬಾಯಿಪಾಠ ಮಾಡಿ ಪಾಸಾದವರಿಗೆ (ನಾನೂ ಅದೇ ಪೈಕಿ) ಇದು ಅದೇ ಗಣಿತ ಅಂತ ಗೊತ್ತಾಗುತ್ತೆ. ಉಳಿದವರು ಮೂರನ್ನೂ ಸೇರಿಸಿ ಒಂದು ಆಕಾರ ಊಹಿಸಿಕೊಂಡರೆ ಸಾಕು. ಮೂರೂ ಸಮ ಇದ್ದರೆ ನಿಂಬೆಹಣ್ಣು: ಕಲ್ಲಿಗೆ ದಿಕ್ಕೇ ಇಲ್ಲ. ಎರಡು ದೊಡ್ಡದು, ಒಂದು ಚಿಕ್ಕದಾದರೆ ಬಿಡದಿಯ ತಟ್ಟೆ ಇಡ್ಲಿ: ಕಲ್ಲು ಚಪ್ಪಟೆಯಾಗಿ ಒತ್ತಿಸಿಕೊಂಡಿದೆ. ಒಂದು ಮಾತ್ರ ದೊಡ್ಡದಾದರೆ ಸೌತೆಕಾಯಿ: ಕಲ್ಲು ಉದ್ದಕ್ಕೆ ಜಗ್ಗಿಸಿಕೊಂಡಿದೆ. ಹತ್ತಾರು ಜಾಗಗಳ ಉತ್ತರಗಳನ್ನು ನಕ್ಷೆಯ ಮೇಲೆ ಹಾಕಿದಾಗ, ನೋಡೋಕೆ ಏನೂ ಇಲ್ಲದ ಗ್ರಾನೈಟ್ ಗುಡ್ಡದೊಳಗೆ ಅಡಗಿದ್ದ ಹೆಣಿಗೆ ಮೇಲೆ ಬರುತ್ತೆ.

ಕಲ್ಲಿಗೆ ದಿಕ್ಕಿದೆ ಅನ್ನೋದನ್ನು ಮೊದಲು ಕಂಡವರು ವಿಜ್ಞಾನಿಗಳಲ್ಲ ಅಂತಲೂ ಹೇಳಬೇಕು. ಭೋವಿ ಸಮುದಾಯದ ಕಲ್ಲುಕುಟಿಗರು ತಲೆಮಾರುಗಳಿಂದ ಬಂಡೆಯನ್ನು ಬಡಿದು, ಅದು ಯಾವ ಕಡೆ ನೇರ ಸೀಳುತ್ತೆ, ಯಾವ ಕಡೆ ಹಟ ಹಿಡಿಯುತ್ತೆ ಅಂತ ತಿಳಿದೇ ಉಳಿ ಇಟ್ಟವರು. ಸೀಳುವ ದಿಕ್ಕಿಗೆ ಖನಿಜಗಳ ಸಾಲಿನ ಜೊತೆ ಕಲ್ಲಿನೊಳಗಿನ ಸೂಕ್ಷ್ಮ ಬಿರುಕುಗಳೂ ಕಾರಣ, ಹಾಗಾಗಿ ಎರಡೂ ಒಂದೇ ಅಂತ ಹೇಳೋಕಾಗಲ್ಲ. ಆದರೂ ಆ ತಿಳಿವಳಿಕೆಗೆ ಯಾವ ಜರ್ನಲ್ಲಿನಲ್ಲೂ ಹೆಸರಿಲ್ಲ.

ಮುಳಗುಂದದ ಗ್ರಾನೈಟ್ ಮತ್ತು ಗಡಿಯಾರದ ಪ್ರಶ್ನೆ

ದಿಕ್ಕು ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರಿಂದ ಬೆಟ್ಟದ ಬಗ್ಗೆ ಏನು ತಿಳಿಯುತ್ತೆ? ಇಲ್ಲಿದೆ ಈ ವಿಧಾನದ ನಿಜವಾದ ಚಮತ್ಕಾರ.

ಗ್ರಾನೈಟ್ ಕರಗಿದ ಸ್ಥಿತಿಯಲ್ಲಿ ಬಂದು ಸುತ್ತಲಿನ ಕಲ್ಲಿನ ನಡುವೆ ಗಟ್ಟಿಯಾಗುತ್ತೆ. ಸುತ್ತಲಿನ ಹಳೆಯ ಪದರಗಲ್ಲು ಬೆಟ್ಟ ಏಳುವಾಗ ಒತ್ತಡ ತಿಂದು ಒಂದು ದಿಕ್ಕಿಗೆ ನಿಂತಿದೆ. ಈಗ ಗ್ರಾನೈಟ್‌ನ ಒಳಗಿನ ಕಾಂತದಿಕ್ಕು ಸುತ್ತಲಿನ ಕಲ್ಲಿನ ದಿಕ್ಕಿಗೇ ಹೊಂದಿದರೆ, ಮತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಜೋಡಣೆ ಪೂರ್ತಿ ಗಟ್ಟಿಯಾಗೋ ಮುಂಚೆಯೇ ಶುರುವಾಗಿದೆ ಅಂತ ಗೊತ್ತಾದರೆ, ಅರ್ಥ ಇಷ್ಟೇ: ಬೆಟ್ಟ ಒತ್ತಿಸಿಕೊಳ್ಳುತ್ತಿದ್ದಾಗಲೇ ಈ ಗ್ರಾನೈಟ್ ಒಳಗೆ ನುಗ್ಗಿದೆ. ಗ್ರಾನೈಟ್‌ನೊಳಗಿನ ಜಿರ್ಕಾನ್ ಹರಳುಗಳಿಂದ ಅದರ ವಯಸ್ಸು ತೆಗೆಯಬಹುದು. ಪದರಗಲ್ಲು ಯಾವಾಗ ಮಡಿಚಿತು ಅಂತ ನೇರವಾಗಿ ಹೇಳೋದು ಎಷ್ಟೋ ಕಡೆ ಕಷ್ಟ. ಗ್ರಾನೈಟ್‌ನ ಹುಟ್ಟಿದ ದಿನ ಗೊತ್ತಾದರೆ ಬೆಟ್ಟ ಏಳುತ್ತಿದ್ದ ದಿನವೂ ಸಿಕ್ಕ ಹಾಗೆ. ಹೊಂದದೇ ಇದ್ದರೆ ಗ್ರಾನೈಟ್ ಮೊದಲೇ ಇತ್ತೋ, ಗಲಾಟೆ ಮುಗಿದ ಮೇಲೆ ಬಂತೋ ಅಂತ ಮತ್ತೆ ಹುಡುಕಬೇಕು.

ಇಂಥ ಓದು ಕರ್ನಾಟಕದಲ್ಲೇ ನಡೆದಿದೆ. ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಒಂದು ದೊಡ್ಡ ಶಿಯರ್ ಝೋನ್ ಇದೆ. ಪಕ್ಕಪಕ್ಕದ ಬಂಡೆಗಳು ಎದುರುಬದುರು ದಿಕ್ಕಿಗೆ ಉಜ್ಜಿಕೊಂಡು ಜರುಗಿದ ಪಟ್ಟಿ ಅದು. ಪೂರ್ವ ಮತ್ತು ಪಶ್ಚಿಮ ಧಾರವಾಡ ಭೂಖಂಡಗಳ ನಡುವಿನ ಗಡಿ ಅಂತ ಹಲವರು ಗುರುತಿಸೋದು ಇದನ್ನೇ. ಈ ಪಟ್ಟಿ ಹರಡಿರೋ ಗದಗ ಜಿಲ್ಲೆಯ ಮುಳಗುಂದದಲ್ಲಿ ಒಂದು ಗ್ರಾನೈಟ್ ಇದೆ. ಐಐಟಿ ಖರಗ್‌ಪುರದ ಮನೀಶ್ ಮಮ್ತಾನಿ ಮತ್ತು ಯುರೋಪಿನ ಸಹ ಸಂಶೋಧಕರು ಅದರ ಮ್ಯಾಗ್ನೆಟೈಟ್ ಕಣಗಳನ್ನು ಒಂದೊಂದಾಗಿ ನೋಡಿ 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಕಲ್ಲು ಹೊಸಕಿಸಿಕೊಳ್ಳುವಾಗ ಈ ಕಣಗಳಿಗೆ ಒಳಗೊಳಗೇ ಏನಾಗುತ್ತೆ, ಯಂತ್ರ ತೋರಿಸೋ ದಿಕ್ಕು ಕಣದ ಆಕಾರದಿಂದ ಬರುತ್ತೋ ಹರಳಿನ ಒಳಜೋಡಣೆಯಿಂದ ಬರುತ್ತೋ ಅನ್ನೋದು ಅವರ ಪ್ರಶ್ನೆ. ಮ್ಯಾಗ್ನೆಟೈಟ್‌ನಲ್ಲಿ ಆಕಾರವೇ ಯಜಮಾನ. ಈ ವಿಧಾನದ ಬುನಾದಿಗೆ ಸಂಬಂಧಿಸಿದ ಪ್ರಶ್ನೆಗೆ ಮುಳಗುಂದದ ಕಲ್ಲೇ ಪರೀಕ್ಷೆಯ ವಸ್ತು ಆಯ್ತು ಅನ್ನೋದು ನಮ್ಮ ಶಾಲಾ ಪುಸ್ತಕಗಳಿಗೆ ಇನ್ನೂ ತಲುಪಿಲ್ಲ.

ಅದೇ 2011ರಲ್ಲಿ ಗದಗ ಸುದ್ದಿಯಲ್ಲಿದ್ದದ್ದು ಬೇರೆ ಕಾರಣಕ್ಕೆ. ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡಲ್ಲ ಅಂತ ರೈತರು ಎದ್ದು ನಿಂತಿದ್ದರು. ಸರ್ಕಾರ ಹಿಂದೆ ಸರಿಯಿತು. ಆಮೇಲೆ ಕಪ್ಪತಗುಡ್ಡದ ಹೋರಾಟ, 2019ರಲ್ಲಿ ಅದು ವನ್ಯಜೀವಿ ಧಾಮ ಆಗಿದ್ದು ನಮಗೆಲ್ಲ ಗೊತ್ತು. ಇದನ್ನು ಯಾಕೆ ಇಲ್ಲಿ ತಂದೆ ಅಂದ್ರೆ, ಗದಗದ ಚಿನ್ನ ಇರೋದೂ ಈ ಒತ್ತಡದ ಕಥೆಯೊಳಗೇ. ಕಲ್ಲು ಜರುಗಿದ ಕಡೆ ಬಿರುಕು ಬಿಡುತ್ತೆ, ಬಿರುಕಿನಲ್ಲಿ ಬಿಸಿ ದ್ರವ ಹರಿಯುತ್ತೆ, ಬೆಣಚುಕಲ್ಲಿನ ಎಳೆಗಳ ಜೊತೆ ಚಿನ್ನ ಕೂರುತ್ತೆ. ಗದಗ, ಹಟ್ಟಿ, ಕೋಲಾರ ಮೂರೂ ಕಡೆ ಹೀಗೇ. ಹಳೆಯ ಬೆಟ್ಟ ಯಾವ ಕಡೆ ಜಗ್ಗಿತ್ತು ಅಂತ ಹೇಳೋ ನಕ್ಷೆ, ಎಲ್ಲಿ ಅಗೆಯಬೇಕು ಅಂತಲೂ ಸುಳಿವು ಕೊಡುತ್ತೆ. ಸಾರ್ವಜನಿಕ ದುಡ್ಡಿನಲ್ಲಿ ಇಂಥ ನಕ್ಷೆ ತಯಾರಾದಾಗ ಅದನ್ನು ಓದಬಲ್ಲವರು ಕಂಪನಿಯ ಕಡೆ ಮಾತ್ರ ಇದ್ದರೆ ಅದು ಸಮಬಲದ ಮಾತುಕತೆ ಅಲ್ಲ. ಗ್ರಾಮಸಭೆಯ ಕಡೆಯೂ ಒಬ್ಬರಿಗೆ ಈ ಭಾಷೆ ಬರಬೇಕು.

ಇದಕ್ಕೆ ಆಗದ ಕೆಲಸ

ವಿಧಾನ ಚೆನ್ನಾಗಿದೆ ಅಂತ ತಲೆ ಮೇಲೆ ಹೊತ್ತುಕೊಳ್ಳೋದು ಬೇಡ. ಎಎಂಎಸ್ ತೋರಿಸೋ ಇಡ್ಲಿ ಅಥವಾ ಸೌತೆಕಾಯಿ ಕಲ್ಲು ಎಷ್ಟು ಒತ್ತಿಸಿಕೊಂಡಿದೆ ಅನ್ನೋದರ ನೇರ ಅಳತೆ ಅಲ್ಲ. ದಿಕ್ಕಿನ ವಿಷಯದಲ್ಲಿ ಅದನ್ನು ಬಹಳಷ್ಟು ನಂಬಬಹುದು. ಪ್ರಮಾಣದ ವಿಷಯದಲ್ಲಿ ಹುಷಾರಾಗಿರಬೇಕು. ಒಂದು ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಸ್ವಲ್ಪ ಜಾಸ್ತಿ ಇದೆ ಅನ್ನೋ ಕಾರಣಕ್ಕೇ ವ್ಯತ್ಯಾಸ ದೊಡ್ಡದಾಗಿ ಕಾಣಬಹುದು, ಪಕ್ಕದ ಕಲ್ಲಿಗಿಂತ ಹೆಚ್ಚು ಒತ್ತಡ ತಿಂದಿದೆ ಅಂತ ಅಲ್ಲ. ಇನ್ನೂ ಮೋಸದ ಸಂಗತಿ ಅಂದ್ರೆ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ಸೂಕ್ಷ್ಮವಾದ ಮ್ಯಾಗ್ನೆಟೈಟ್ ಕಣಗಳು ಉಲ್ಟಾ ಹೊಡೆಯುತ್ತವೆ: ಉದ್ದದ ದಿಕ್ಕಿನಲ್ಲೇ ಅತಿ ಕಡಿಮೆ ಅಳತೆ ಕೊಡುತ್ತವೆ. ಗೊತ್ತಿಲ್ಲದೆ ಓದಿದರೆ ಬೆಟ್ಟವನ್ನೇ ತೊಂಬತ್ತು ಡಿಗ್ರಿ ತಿರುಗಿಸಿಟ್ಟ ಹಾಗೆ. ಅದಕ್ಕೇ ಯಾವ ಖನಿಜ ಮಾತಾಡ್ತಿದೆ ಅಂತ ಬಿಸಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಖಚಿತ ಮಾಡಿಕೊಳ್ಳದ ಪ್ರಬಂಧವನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ. ಎರಡು ಸಲ ಬೆಟ್ಟ ಎದ್ದ ಕಡೆ ಎರಡನೆಯದು ಮೊದಲನೆಯದರ ಗುರುತನ್ನು ಅಳಿಸಿರಲೂಬಹುದು.

ಬೆಟ್ಟದ ಬುಡದಲ್ಲಿ ಇದು ಇಷ್ಟು ತಕರಾರು ಮಾಡಿದರೆ, ಬೆಟ್ಟದ ಅಂಚಿನಲ್ಲಿ ಇದರ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತೆ. ಪಿರನೀಸ್, ಅಪೆನೈನ್ ಮತ್ತು ತೈವಾನ್‌ನ ಬೆಟ್ಟಸಾಲುಗಳ ಮುಂದಿನ ಕೆಸರುಗಲ್ಲುಗಳಲ್ಲಿ, ಮಡಿಕೆಯೂ ಇಲ್ಲ, ಸೀಳೂ ಇಲ್ಲ, ಕಣ್ಣಿಗೆ ಏನೂ ಆಗಿಲ್ಲ ಅನ್ನೋ ಕಡೆಯಲ್ಲೇ, ಒತ್ತಡ ಬಂದ ದಿಕ್ಕಿಗೆ ಅಡ್ಡವಾಗಿ ಕಣಗಳು ಸಾಲುಗಟ್ಟೋಕೆ ಶುರುಮಾಡಿರೋದನ್ನು ಎಎಂಎಸ್ ಹಿಡಿದಿದೆ.

ಹಾಗಂತ ಇದು ಭೂಕಂಪ ಹೇಳೋ ಯಂತ್ರ ಅಲ್ಲ. ಸುರಂಗ ಕುಸಿಯುತ್ತೋ ಇಲ್ಲವೋ ಅಂತಲೂ ಹೇಳಲ್ಲ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು 17 ದಿನ ಸಿಕ್ಕಿಬಿದ್ದಾಗ ಟಿವಿಗಳಲ್ಲಿ ಎಲ್ಲರೂ ಹಿಮಾಲಯ ತಜ್ಞರಾಗಿಬಿಟ್ಟಿದ್ದರು. ಸುರಂಗಕ್ಕೆ ಬೇಕಿರೋದು ಬಿರುಕು, ನೀರು, ಕಲ್ಲಿನ ಬಲದ ಲೆಕ್ಕ. ಎಎಂಎಸ್ ಹೇಳೋದು ಅದಕ್ಕಿಂತ ಹಳೆಯ ಕಥೆ.

ಬಾಣ ಇಲ್ಲದ ಬ್ಲಾಕ್

ಈಗ ಮತ್ತೆ ಕ್ವಾರಿಗೆ. ಗ್ರಾನೈಟ್ ನಮ್ಮ ಕಾನೂನಿನಲ್ಲಿ ಉಪಖನಿಜ. ಗುತ್ತಿಗೆ ಕೊಡೋದು, ರಾಜಧನ ವಸೂಲಿ ಮಾಡೋದು ರಾಜ್ಯದ ಕೆಲಸ. ಪರ್ಮಿಟ್‌ನಲ್ಲಿ ಲೆಕ್ಕ ಇರೋದು ಪರಿಮಾಣಕ್ಕೆ. ಬ್ಲಾಕ್ ಮೇಲೆ ನಂಬರ್ ಬರೆದಿರುತ್ತೆ, ಅಳತೆ ಬರೆದಿರುತ್ತೆ. ಉತ್ತರ ಯಾವ ಕಡೆ ಇತ್ತು ಅಂತ ಬರೆದಿರಲ್ಲ, ಬರೆಯೋ ಕಾರಣವೂ ಕ್ವಾರಿಯವರಿಗಿಲ್ಲ. ಲಾರಿ ಹತ್ತಿದ ಆ ಕ್ಷಣಕ್ಕೆ ಆ ಬ್ಲಾಕ್ ಅಡುಗೆಮನೆ ಕಟ್ಟೆಗೆ ಎಷ್ಟೇ ಚೆನ್ನಾಗಿದ್ದರೂ ಬೆಟ್ಟದ ವಿಷಯದಲ್ಲಿ ಮೂಕ. ಶಾಸನದ ಕಲ್ಲು ಕಿತ್ತು ತಂದರೆ ಅಕ್ಷರವಾದರೂ ಉಳಿಯುತ್ತೆ. ಇಲ್ಲಿ ದಿಕ್ಕೇ ಅಕ್ಷರ.

ಗ್ರಾನೈಟ್ ತೆಗೆಯಲೇಬಾರದು ಅಂತ ನಾನು ಹೇಳ್ತಿಲ್ಲ. ಆ ದುಡಿಮೆಯ ಮೇಲೆ ಬದುಕೋ ಕುಟುಂಬಗಳಿವೆ, 400 ಕಿ.ಮೀ. ಪಟ್ಟಿ ಒಂದೇ ದಿನಕ್ಕೆ ಖಾಲಿಯೂ ಆಗಲ್ಲ. ಆದರೆ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಒಂದು ಅಪರೂಪದ ಗುಣ ಇದೆ. ದಕ್ಷಿಣದಲ್ಲಿ ಅದರ ಆಳದ ಬೇರು, ಉತ್ತರಕ್ಕೆ ಹೋದಂತೆ ಅದರ ಮೇಲ್ಭಾಗ ಹೊರಗೆ ಕಾಣುತ್ತೆ. ಒಂದೇ ಗ್ರಾನೈಟ್ ನೆಲದಾಳದಿಂದ ಮೇಲಕ್ಕೆ ಹೇಗೆ ಏರಿತು ಅಂತ ನಡೆದುಕೊಂಡೇ ಹೋಗಿ ನೋಡಬಹುದಾದ ಜಾಗಗಳು ಜಗತ್ತಿನಲ್ಲಿ ಬಹಳ ಇಲ್ಲ. ಯಾವ ಬಂಡೆ ಹೋದರೂ ಪರವಾಗಿಲ್ಲ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕು: ಲಾಲ್‌ಬಾಗ್ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಪೆದ್ದಪಲ್ಲಿ. ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆ ತಾಣಗಳ ಸಂರಕ್ಷಣೆಗೆ ಕರಡು ಮಸೂದೆ ಹೊರತಂದಿತು. ತಾಣ ಘೋಷಿಸೋ ಅಧಿಕಾರ ಕೇಂದ್ರಕ್ಕೆ, ಉಸ್ತುವಾರಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ. ವಿಶ್ವವಿದ್ಯಾಲಯಗಳಿಗೆ, ಸ್ಥಳೀಯರಿಗೆ ಅದರಲ್ಲಿ ಜಾಗ ಎಲ್ಲಿ ಅಂತ ಕೇಳಿದವರಲ್ಲಿ ಭೂವಿಜ್ಞಾನಿಗಳೂ ಇದ್ದರು. ಆ ಪ್ರಶ್ನೆ ಸರಿಯಾದದ್ದೇ. ಒಂದು ಮಾತು ಸೇರಿಸಬೇಕು: ಬಂಡೆಗೆ ಗಾಯ ಮಾಡೋರಲ್ಲಿ ಸಂಶೋಧಕರೂ ಇದ್ದಾರೆ. ಚೆಂದದ ಬಂಡೆಯ ಎದುರಿನಲ್ಲೇ ಡ್ರಿಲ್‌ನ ಸಾಲು ತೂತುಗಳನ್ನು ಬಿಟ್ಟುಹೋಗೋ ಚಾಳಿಗೆ ಅವರೊಳಗೇ ಟೀಕೆ ಇದೆ.

ಮಸೂದೆಗೆ ಕಾಯದೆ ರಾಜ್ಯವೇ ಮಾಡಬಹುದಾದ ಕೆಲಸ ಒಂದಿದೆ. ಹೊಸ ಗುತ್ತಿಗೆ ಕೊಡುವಾಗ, ಬಂಡೆ ತೆಗೆಯೋ ಮುನ್ನ ಕ್ವಾರಿಯ ಪ್ರತಿ ಮುಖದಿಂದ ದಿಕ್ಕು ಗುರುತಿಸಿದ ಕೆಲವು ತುಂಡುಗಳನ್ನು ಕೊರೆದು, ಜಾಗದ ಅಕ್ಷಾಂಶ-ರೇಖಾಂಶದ ಸಮೇತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಇಡಬೇಕು ಅಂತ ಒಂದು ಷರತ್ತು. ಅದಕ್ಕೆ ಬೇಕಿರೋದು ಒಂದು ಡ್ರಿಲ್ಲು, ಒಂದು ದಿಕ್ಸೂಚಿ, ಜಿಲ್ಲೆಗೆ ತರಬೇತಿ ಪಡೆದ ಇಬ್ಬರು, ಗುರುತು ಅಳಿಸದ ಬಣ್ಣ. ಬೆರಳುದ್ದದ ಆ ತುಂಡುಗಳು ಒಂದು ಕ್ವಾರಿಗೆ ಒಂದು ಶೂ ಡಬ್ಬಿಯಷ್ಟು ಜಾಗ ಹಿಡಿಯುತ್ತವೆ.